ಮರಳುವ ವಿದ್ಯೆ

1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಎಂಬಲ್ಲಿನ ಮರಳುದಿಬ್ಬಗಳ ಬಳಿ ಆರ್ವಿಲ್ ರೈಟ್ ಹನ್ನೆರಡು ಸೆಕೆಂಡುಗಳ ಕಾಲ ಗಾಳಿಯಲ್ಲಿ ತೇಲಿದನು. ಆತ ಕ್ರಮಿಸಿದ ದೂರ 120 ಅಡಿ ಮಾತ್ರ. ಐದು ವರ್ಷ ತುಂಬುವ ಮೊದಲೇ, 1908ರ ಸೆಪ್ಟೆಂಬರ್ 17ರಂದು, ಅದೇ ಆರ್ವಿಲ್ ನಡೆಸುತ್ತಿದ್ದ ವಿಮಾನವೊಂದು ಫೋರ್ಟ್ ಮೈಯರ್ ಎಂಬಲ್ಲಿ ನೆಲಕ್ಕಪ್ಪಳಿಸಿತು. ಅವನೊಡನೆ ಕುಳಿತಿದ್ದ ಸೇನಾಧಿಕಾರಿ ಥಾಮಸ್ ಸೆಲ್ಫ್‌ರಿಡ್ಜ್ ಅಸುನೀಗಿದನು. ಯಂತ್ರಬಲದಿಂದ ಹಾರುವ ವಿಮಾನದ ಅಪಘಾತಕ್ಕೆ ಬಲಿಯಾದವರಲ್ಲಿ ಆತನೇ ಮೊದಲಿಗ. ಅಂದು ಕೈಕೊಟ್ಟುದು ಚಾಲಕನ ವಿವೇಕವಲ್ಲ, ಮರದ ಪ್ರೊಪೆಲರ್.

ಅಂದಿನಿಂದ ಇಂದಿನವರೆಗೆ ಯಂತ್ರವು ಎಷ್ಟೋ ಮುಂದುವರಿದಿದೆ. ಲೋಹ ಗಟ್ಟಿಯಾಗಿದೆ, ಎಂಜಿನು ನಂಬಿಕೆಗೆ ಅರ್ಹವಾಗಿದೆ, ದಾರಿ ತೋರುವ ಉಪಕರಣಗಳು ಹೆಚ್ಚಿವೆ. ಆದರೂ ಚಿಕ್ಕ ಖಾಸಗಿ ವಿಮಾನಗಳು ಬೀಳುವುದು ನಿಂತಿಲ್ಲ. ಇಂತಹ ವಿಮಾನಗಳು ಬಹಳವಾಗಿರುವ ಅಮೆರಿಕದಲ್ಲಿ ಅವುಗಳ ಅಪಘಾತಗಳನ್ನು ಒಂದೊಂದಾಗಿ ತನಿಖೆ ಮಾಡಿ ವರದಿ ಬರೆದಿಡುತ್ತಾರೆ. ಸುಮಾರು ಮುಕ್ಕಾಲು ಪಾಲು ಅಪಘಾತಗಳಿಗೆ ಅಲ್ಲಿ ಕಂಡುಬರುವ ಕಾರಣ ಒಂದೇ: ಚಾಲಕನ ತಪ್ಪು.

ಈ ಎರಡು ಪದಗಳ ಬಗ್ಗೆ ನನಗೆ ಸ್ವಲ್ಪ ತಕರಾರುಂಟು. ಅವು ಸುಳ್ಳೆಂದಲ್ಲ. ಆದರೆ ಅವನ್ನು ಉಚ್ಚರಿಸಿದ ಕೂಡಲೇ ಕೇಳುವವನ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ: ಯಾರೋ ಅವಿವೇಕಿ, ತರಬೇತಿ ಇಲ್ಲದವನು, ತಿರುಗಿಸಬಾರದ ಹಿಡಿಕೆಯನ್ನು ತಿರುಗಿಸಿದ, ಬಿದ್ದ. ಅಲ್ಲಿಗೆ ವಿಚಾರ ಮುಗಿಯಿತು. ವರದಿಗಳನ್ನು ತಾಳ್ಮೆಯಿಂದ ಓದಿದರೆ ತೋರುವ ಸಂಗತಿಯೇ ಬೇರೆ. ಆಕಾಶದಲ್ಲಿ ಕೈ ಮಾಡಿದ ತಪ್ಪು ಕಡೆಯದು, ಚಿಕ್ಕದು. ಅದಕ್ಕೆ ಗಂಟೆಗಳ ಹಿಂದೆ, ನೆಲದ ಮೇಲೆ, ಕಾಲು ಭದ್ರವಾಗಿ ಊರಿದ್ದಾಗಲೇ ಮನಸ್ಸು ಒಂದು ತಪ್ಪು ಮಾಡಿರುತ್ತದೆ. ಹೊರಡಬಾರದ ವೇಳೆಯಲ್ಲಿ ಹೊರಡಲು ಒಪ್ಪಿರುತ್ತದೆ. ಮರಳಬೇಕಾದ ವೇಳೆಯಲ್ಲಿ ಮರಳಲು ನಾಚಿರುತ್ತದೆ.

ದೊಡ್ಡ ಪ್ರಯಾಣಿಕ ವಿಮಾನಕ್ಕೂ ಇಂತಹ ಚಿಕ್ಕ ವಿಮಾನಕ್ಕೂ ಇರುವ ಅಂತರವು ಗಾತ್ರದ್ದು ಮಾತ್ರವಲ್ಲ. ದೊಡ್ಡ ವಿಮಾನದಲ್ಲಿ ಇಬ್ಬರು ಚಾಲಕರಿರುತ್ತಾರೆ. ಒಬ್ಬನು ಎಡವಿದರೆ ಇನ್ನೊಬ್ಬನು ಎಚ್ಚರಿಸುತ್ತಾನೆ. ಹವಾಮಾನವನ್ನು ನೋಡುವವರು, ಇಂಧನದ ಲೆಕ್ಕ ಹಾಕುವವರು, ಹೊರಡಬೇಕೇ ಬೇಡವೇ ಎಂದು ಚಾಲಕನೊಡನೆ ಕುಳಿತು ನಿರ್ಧರಿಸುವವರು ನೆಲದ ಮೇಲಿರುತ್ತಾರೆ. ಖಾಸಗಿ ವಿಮಾನದಲ್ಲಿ ಇವೆಲ್ಲವೂ ಒಬ್ಬನೇ. ತಾನೇ ಚಾಲಕ, ತಾನೇ ತೂಕ ನೋಡುವವನು, ತಾನೇ ಮೋಡ ನೋಡುವವನು. “ಇಂದು ಬೇಡ” ಎಂದು ತನ್ನನ್ನು ತಡೆಯಬೇಕಾದ ಮೇಲಧಿಕಾರಿಯೂ ತಾನೇ. ತನಗೆ ತಾನೇ ಮೇಲಧಿಕಾರಿಯಾದವನು ತನ್ನ ಕೋರಿಕೆಯನ್ನು ತಿರಸ್ಕರಿಸುವುದು ಅಪರೂಪ.

1999ರ ಜುಲೈ 16ರ ಪ್ರಸಂಗವನ್ನು ನೋಡೋಣ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯವರ ಮಗ, ಅದೇ ಹೆಸರಿನ ಕಿರಿಯ ಕೆನಡಿ, ತನ್ನ ಪೈಪರ್ ಸರಟೋಗ ವಿಮಾನದಲ್ಲಿ ಪತ್ನಿಯನ್ನೂ ಪತ್ನಿಯ ಅಕ್ಕನನ್ನೂ ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟರು. ದಾರಿಯಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ನಾದಿನಿಯನ್ನು ಇಳಿಸಿ, ಅಲ್ಲಿಂದ ಮುಂದೆ ಬಂಧುಗಳ ಮದುವೆಗೆ ಹೋಗಬೇಕಿತ್ತು. ಅವರು ನೆಲ ಬಿಟ್ಟಾಗ ರಾತ್ರಿ 8 ಗಂಟೆ 38 ನಿಮಿಷ; ಸೂರ್ಯನು ಮುಳುಗಿದ್ದನು. ಕೆನಡಿಯವರಿಗಿದ್ದ ಹಾರಾಟದ ಅನುಭವ ಸುಮಾರು 310 ಗಂಟೆ. ಅದರಲ್ಲಿ ರಾತ್ರಿಯ ಹಾರಾಟ 55 ಗಂಟೆ. ಹೊರಗಣ್ಣನ್ನು ಬಿಟ್ಟು ಕೇವಲ ಉಪಕರಣಗಳನ್ನೇ ನಂಬಿ ವಿಮಾನ ನಡೆಸುವ ಅರ್ಹತೆಯನ್ನು ಅವರು ಇನ್ನೂ ಪಡೆದಿರಲಿಲ್ಲ. ಶಿಕ್ಷಕರೊಬ್ಬರು ಜೊತೆಗೆ ಬರುವೆನೆಂದಾಗ, ತಾನೊಬ್ಬನೇ ಹೋಗಬಯಸುವೆನೆಂದು ಅವರು ಹೇಳಿದರೆಂಬುದು ತನಿಖೆಯಲ್ಲಿ ದಾಖಲಾಗಿದೆ.

ಇದರಲ್ಲಿ ಯಾವುದೂ ಕಾನೂನಿಗೆ ವಿರುದ್ಧವಲ್ಲ ಎಂಬುದನ್ನು ಗಮನಿಸಬೇಕು. ಅವರ ಬಳಿ ಪರವಾನಗಿ ಇತ್ತು. ಹವಾಮಾನದ ವರದಿಯೂ ಹಾರಾಟಕ್ಕೆ ಅಡ್ಡಿಯೆನ್ನುವಂತಿರಲಿಲ್ಲ. ದಡದುದ್ದಕ್ಕೂ ಊರುಗಳ ದೀಪಗಳು ಕಾಣುತ್ತಿದ್ದವು. ಆದರೆ ಕಡೆಯ ಮೂವತ್ತು ಮೈಲಿ ಸಮುದ್ರದ ಮೇಲಿನ ದಾರಿ. ಕೆಳಗೆ ಕಪ್ಪು ನೀರು, ಮೇಲೆ ಕಪ್ಪು ಆಕಾಶ, ನಡುವೆ ತೆಳುವಾದ ಮಬ್ಬು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಮೊದಲಾಯಿತು ಎಂಬ ಗೆರೆಯೇ ಇಲ್ಲ. ಅದೇ ರಾತ್ರಿ ಆ ದಾರಿಯಲ್ಲಿ ಹಾರಿದ ಇನ್ನೊಬ್ಬ ಚಾಲಕರು, ದೀಪಗಳೇ ಕಾಣದುದರಿಂದ, ದ್ವೀಪದಲ್ಲಿ ವಿದ್ಯುತ್ತು ನಿಂತಿರಬೇಕೆಂದು ಭಾವಿಸಿದರಂತೆ. ರಾತ್ರಿ 9 ಗಂಟೆ 41 ನಿಮಿಷದ ಸುಮಾರಿಗೆ ಕೆನಡಿಯವರ ವಿಮಾನವು ಬಲಕ್ಕೆ ವಾಲಿ ಸುತ್ತುತ್ತ, ನಿಮಿಷಕ್ಕೆ 4,700 ಅಡಿಗೂ ಮಿಕ್ಕ ವೇಗದಲ್ಲಿ ಇಳಿದು ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಮೂವರೂ ಮಡಿದರು. ವಿಮಾನದಲ್ಲಿ ಕೆಟ್ಟಿದ್ದ ಭಾಗ ಯಾವುದೂ ತನಿಖೆಯವರಿಗೆ ಕಾಣಲಿಲ್ಲ. ಚಾಲಕನಿಗೆ ದಿಕ್ಕಿನ ಭ್ರಮೆಯುಂಟಾಗಿ ವಿಮಾನ ಹತೋಟಿ ತಪ್ಪಿತೆಂದೂ, ಮಬ್ಬು ಮತ್ತು ಕತ್ತಲೆ ಅದಕ್ಕೆ ಒದಗಿಬಂದವೆಂದೂ ಅವರು ತೀರ್ಮಾನಿಸಿದರು.

ಈ ದಿಕ್ಕಿನ ಭ್ರಮೆ ಎಂದರೇನು? ಅಂಗಳದಲ್ಲಿ ಕೈಚಾಚಿ ಗಿರಗಿರನೆ ಸುತ್ತಿ ಥಟ್ಟನೆ ನಿಂತ ಮಗುವಿಗೆ ಅದು ಗೊತ್ತು. ನಿಂತ ಮೇಲೂ ಮನೆ, ಮರ, ಬಾವಿಕಟ್ಟೆ ಎಲ್ಲವೂ ಸುತ್ತುತ್ತಿರುತ್ತವೆ. ನಮ್ಮ ಒಳಕಿವಿಯಲ್ಲಿ ಅರ್ಧವರ್ತುಲಾಕಾರದ ಮೂರು ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಹಿಂದೆ ಉಳಿಯುತ್ತದೆ. ಆ ಅಂತರವನ್ನೇ ಮಿದುಳು “ತಿರುಗುತ್ತಿದ್ದೇನೆ” ಎಂದು ಓದಿಕೊಳ್ಳುತ್ತದೆ. ಆದರೆ ತಿರುವು ಒಂದೇ ಸಮನಾಗಿ ಸ್ವಲ್ಪ ಹೊತ್ತು ನಡೆದರೆ ದ್ರವವೂ ನಾಳದ ವೇಗವನ್ನು ಹಿಡಿಯುತ್ತದೆ. ಆಗ ಮಿದುಳಿಗೆ ಬರುವ ಸುದ್ದಿ: “ನೆಟ್ಟಗೆ ಹೋಗುತ್ತಿದ್ದೇನೆ.” ವಿಮಾನ ವಾಲಿ ಸುತ್ತುತ್ತಿದ್ದರೂ ಚಾಲಕನಿಗೆ ಅದು ನೆಟ್ಟಗಿರುವಂತೆಯೇ ತೋರುತ್ತದೆ. ಸುತ್ತುವ ವಿಮಾನವು ಇಳಿಯಲೂ ತೊಡಗುತ್ತದೆ. ಎತ್ತರ ಕಡಿಮೆಯಾಗುತ್ತಿರುವುದನ್ನು ಕಂಡ ಚಾಲಕನು ಮೂತಿಯನ್ನು ಮೇಲಕ್ಕೆತ್ತಲು ಹಿಡಿಕೆಯನ್ನು ಎಳೆಯುತ್ತಾನೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ, ಇಳಿತ ಇನ್ನೂ ಹೆಚ್ಚುತ್ತದೆ. ಎದುರಿಗಿರುವ ಉಪಕರಣ ನಿಜ ಹೇಳುತ್ತಿರುತ್ತದೆ. ಆದರೆ ಹುಟ್ಟಿದಂದಿನಿಂದ ನಂಬಿದ ದೇಹವು ಒಂದು ಹೇಳುವಾಗ, ನಿನ್ನೆ ಮೊನ್ನೆ ಪರಿಚಯವಾದ ಮುಳ್ಳು ಇನ್ನೊಂದು ಹೇಳಿದರೆ ಯಾರನ್ನು ನಂಬುವುದು? ಘಾಟಿಯ ರಸ್ತೆಯಲ್ಲಿ ಮಂಜು ಕವಿದರೆ ಬಸ್ಸಿನ ಚಾಲಕನು ಪಕ್ಕಕ್ಕೆ ನಿಲ್ಲಿಸಿ ಒಂದು ಲೋಟ ಚಹ ಕುಡಿಯಬಹುದು. ಆಕಾಶದಲ್ಲಿ ನಿಲ್ಲುವ ಸ್ಥಳವಿಲ್ಲ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದವರು ಇದನ್ನು ಪರೀಕ್ಷಿಸಿದರು. ಉಪಕರಣಗಳಿಂದಲೇ ಹಾರುವ ಅನುಭವವಿಲ್ಲದ ಇಪ್ಪತ್ತು ಜನರನ್ನು ಆರಿಸಿ, ಶಿಕ್ಷಕರ ಕಾವಲಿನಲ್ಲಿ ಬಾನಿಗೇರಿಸಿ, ಹೊರಗಿನದೇನೂ ಕಾಣದಂತೆ ಮರೆಮಾಡಿದರು. ಇಪ್ಪತ್ತು ಜನರೂ ಹತೋಟಿ ಕಳೆದುಕೊಂಡರು. ಒಬ್ಬನು 20 ಸೆಕೆಂಡುಗಳಲ್ಲಿ, ಇನ್ನೊಬ್ಬನು 480 ಸೆಕೆಂಡುಗಳಲ್ಲಿ; ಸರಾಸರಿ 178 ಸೆಕೆಂಡು. ಎಂದರೆ ಮೂರು ನಿಮಿಷಕ್ಕೂ ಕಡಿಮೆ. ಅವರಲ್ಲಿ ಹತ್ತೊಂಬತ್ತು ಜನರ ವಿಮಾನಗಳು ಮೇಲೆ ವಿವರಿಸಿದ ಸುತ್ತಿಗೇ ಸಿಲುಕಿದ್ದವು.

ಈ ಲೆಕ್ಕ ಪ್ರಕಟವಾದ ಐದು ವರ್ಷಗಳ ಬಳಿಕ, 1959ರ ಫೆಬ್ರವರಿ 3ರ ನಡುರಾತ್ರಿ ಕಳೆದ ಮೇಲೆ, ಅಯೋವ ಪ್ರಾಂತ್ಯದ ಒಂದು ಹೊಲದಲ್ಲಿ ಬೀಚ್‌ಕ್ರಾಫ್ಟ್ ಬೊನಾನ್ಸ ವಿಮಾನವೊಂದು ಬಿತ್ತು. ಅದರಲ್ಲಿದ್ದವರು ಆ ಕಾಲದ ಮೂವರು ಜನಪ್ರಿಯ ಗಾಯಕರು: ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ಜೆ. ಪಿ. ರಿಚರ್ಡ್‌ಸನ್. ಊರೂರು ತಿರುಗಿ ಹಾಡುತ್ತಿದ್ದ ತಂಡದ ಬಸ್ಸಿನಲ್ಲಿ ಬೆಚ್ಚಗಿಡುವ ಯಂತ್ರ ಕೆಟ್ಟು, ಹಿಮದ ಚಳಿಯಲ್ಲಿ ಎಲ್ಲರೂ ನಡುಗಿಹೋಗಿದ್ದರು. ಒಂದು ರಾತ್ರಿಯಾದರೂ ಬೇಗ ಊರು ಸೇರಿ ಮಲಗೋಣವೆಂದು ಇವರು ವಿಮಾನವನ್ನು ಬಾಡಿಗೆಗೆ ಹಿಡಿದರು. ಚಾಲಕನು 21 ವರ್ಷದ ತರುಣ. ಉಪಕರಣದ ಹಾರಾಟಕ್ಕೆ ಅವನಿಗೂ ಅರ್ಹತೆ ಇರಲಿಲ್ಲ. ಏರಿದ ಕೆಲವೇ ನಿಮಿಷಗಳಲ್ಲಿ, ನಿಲ್ದಾಣದಿಂದ ಆರು ಮೈಲಿಯೊಳಗೆ, ನಾಲ್ವರೂ ಸತ್ತರು.

ಹೊರಟುದು ಅವಿವೇಕವೆಂದು ತನಿಖೆ ಹೇಳಿತು, ನಿಜ. ಆದರೆ ಅದೇ ವರದಿ ಇನ್ನೆರಡು ಮಾತುಗಳನ್ನೂ ಹೇಳಿದೆ. ದಾರಿಯಲ್ಲಿ ಹವೆ ಕೆಡುತ್ತಿದೆಯೆಂಬ ವಿಶೇಷ ಎಚ್ಚರಿಕೆಗಳು ಕಚೇರಿಗೆ ಬಂದಿದ್ದರೂ ಆ ತರುಣನಿಗೆ ಅವು ತಲುಪಲಿಲ್ಲ. ಜೊತೆಗೆ, ವಿಮಾನದ ಏರಿಳಿತವನ್ನು ತೋರುವ ಉಪಕರಣವು ಅವನು ಕಲಿತಿದ್ದ ಬಗೆಗೆ ವಿರುದ್ಧವಾಗಿ ತೋರಿಸುವಂತಹುದು. ಅವನು ರೂಢಿ ಮಾಡಿಕೊಂಡಿದ್ದ ಉಪಕರಣದಲ್ಲಿ ಏರುವುದೆಂದು ಕಾಣುವುದು ಇದರಲ್ಲಿ ಇಳಿಯುವುದೆಂದಾಗುತ್ತದೆ. ಕತ್ತಲೆಯಲ್ಲಿ, ಹಿಮದಲ್ಲಿ, ಅಂತಹ ಉಪಕರಣದ ಮುಂದೆ ಕುಳಿತ ಹುಡುಗನೊಬ್ಬನ ಮೇಲೆ ಮಾತ್ರ ತಪ್ಪನ್ನು ಹೊರಿಸಿ ಕಡತವನ್ನು ಕಟ್ಟಿಡುವುದು ನ್ಯಾಯವೇ?

ಆದರೂ ನನಗೆ ಎಲ್ಲಕ್ಕಿಂತ ಹೆಚ್ಚು ವ್ಯಥೆ ತರುವುದು 1996ರ ಏಪ್ರಿಲ್ ತಿಂಗಳ ಒಂದು ಘಟನೆ. ಏಕೆಂದರೆ ಅದರ ನಾಯಕಿ ನಿಮಗಿಂತ ಚಿಕ್ಕವಳು. ಕ್ಯಾಲಿಫೋರ್ನಿಯದ ಜೆಸ್ಸಿಕ ಡುಬ್ರಾಫ್ ಎಂಬ ಏಳು ವರ್ಷದ ಬಾಲಕಿಯು ಅಮೆರಿಕವನ್ನು ಕಡಲಿನಿಂದ ಕಡಲಿಗೆ ವಿಮಾನದಲ್ಲಿ ದಾಟಿದ ಅತಿ ಕಿರಿಯಳೆನಿಸಿಕೊಳ್ಳಬೇಕೆಂದು ಹೊರಟಳು. ಕಾನೂನಿನಂತೆ ಆಕೆ ಚಾಲಕಿಯಲ್ಲ. ಪಕ್ಕದಲ್ಲಿ ಕುಳಿತ ಶಿಕ್ಷಕರೇ ಚಾಲಕರು. ಹಿಂದಿನ ಆಸನದಲ್ಲಿ ತಂದೆ. ಪತ್ರಿಕೆಯವರೂ ದೂರದರ್ಶನದವರೂ ಮುತ್ತಿಕೊಂಡಿದ್ದರು. ಒಂದು ದೂರದರ್ಶನ ಸಂಸ್ಥೆ ತಂದೆಯ ಕೈಗೇ ಕ್ಯಾಮೆರವನ್ನು ಕೊಟ್ಟು ಕಳುಹಿಸಿತ್ತು. ಇಂತಹ ದಿನ ಇಂತಹ ಊರಿನಲ್ಲಿ ಇರಬೇಕೆಂದು ಮೊದಲೇ ಗೊತ್ತುಮಾಡಲಾಗಿತ್ತು.

ಏಪ್ರಿಲ್ 10ರಂದು ಹೊರಟ ಅವರು ಆ ರಾತ್ರಿ ವಯೋಮಿಂಗ್ ಪ್ರಾಂತ್ಯದ ಷಾಯೆನ್ ಊರಿನಲ್ಲಿ ತಂಗಿದರು. ಮರುದಿನ ಬೆಳಿಗ್ಗೆ ಗುಡುಗು ಮಳೆ ನಿಲ್ದಾಣದ ಮೇಲೆಯೇ ಬರುತ್ತಿತ್ತು. ಗಾಳಿ ರಭಸದಿಂದ ದಿಕ್ಕು ಬದಲಿಸುತ್ತಿತ್ತು. ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ವಿಚಾರವಿತ್ತು. ಅವರು ಹೊರಟ ಊರು ಸಮುದ್ರತೀರದ್ದು. ಷಾಯೆನ್ ಇರುವುದು ಸಮುದ್ರಮಟ್ಟದಿಂದ 6,100 ಅಡಿಗಿಂತ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಅದು ಹೆಚ್ಚುಕಡಿಮೆ ಸಮ. ಎತ್ತರದಲ್ಲಿ ಗಾಳಿ ತೆಳುವು. ತೆಳುಗಾಳಿಯಲ್ಲಿ ಎಂಜಿನಿನ ಬಲವೂ ಕುಗ್ಗುತ್ತದೆ, ರೆಕ್ಕೆ ಎತ್ತುವ ಶಕ್ತಿಯೂ ಕುಗ್ಗುತ್ತದೆ. ಅದರ ಮೇಲೆ ವಿಮಾನದ ತೂಕ ಮಿತಿಯನ್ನು ಮೀರಿತ್ತು. ಏರಿದ ವಿಮಾನವು ಮಳೆಯಿಂದ ತಪ್ಪಿಸಿಕೊಳ್ಳಲು ಬಲಕ್ಕೆ ಹೊರಳಿತು. ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು, ಆಧಾರ ತಪ್ಪಿ, ಮನೆಗಳ ನಡುವಿನ ಬೀದಿಗೆ ಬಿತ್ತು. ಇದನ್ನು ಚಾಲಕರು ಸ್ಟಾಲ್ ಎನ್ನುತ್ತಾರೆ. ಎಂಜಿನು ನಿಂತಿರಲಿಲ್ಲ, ಓಡುತ್ತಲೇ ಇತ್ತು. ಎಂಜಿನು ಓಡಿದರೂ ರೆಕ್ಕೆ ಸೋಲಬಲ್ಲದೆಂಬುದು ನೆಲದಲ್ಲಿ ವಾಹನ ನಡೆಸಿದವರಿಗೆ ಬೇಗ ಮನಸ್ಸಿಗೆ ಬಾರದು. ಬಾಲಕಿ, ತಂದೆ, ಶಿಕ್ಷಕ ಮೂವರೂ ಸ್ಥಳದಲ್ಲೇ ತೀರಿಕೊಂಡರು.

ಹದಗೆಡುತ್ತಿದ್ದ ಹವೆಯಲ್ಲಿ ಹೊರಟುದೇ ತಪ್ಪೆಂದು ತನಿಖೆ ಹೇಳಿತು. ಮಿತಿಮೀರಿದ ಕಾರ್ಯಕ್ರಮಕ್ಕೆ ಕಟ್ಟುಬಿದ್ದುದು, ಅದರಲ್ಲಿಯೂ ಪತ್ರಿಕೆ ದೂರದರ್ಶನಗಳಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದುದು ಅದಕ್ಕೆ ನೆರವಾಯಿತೆಂದೂ ಹೇಳಿತು. ಆ ಶಿಕ್ಷಕರು ಒಂದೆರಡು ಗಂಟೆ ಕಾದಿದ್ದರೆ ಏನಾಗುತ್ತಿತ್ತು? ಮುಂದಿನ ಊರಿನಲ್ಲಿ ಕಾದಿದ್ದವರು ಬೇಸರಪಡುತ್ತಿದ್ದರು, ಅಷ್ಟೆ. ಚಪ್ಪಾಳೆ ತಟ್ಟಲು ನೆರೆದ ನಾವೂ ನೀವೂ ಇಂತಹ ತಪ್ಪಿನಲ್ಲಿ ಪಾಲುದಾರರು ಎಂದು ನಾನು ಹೇಳುವುದು ಈ ಕಾರಣಕ್ಕಾಗಿ. ವಿಮಾನ ತಡವಾದರೆ ಮುಖ ಗಂಟಿಕ್ಕುವ ಅತಿಥೇಯ, “ಇಷ್ಟಕ್ಕೆಲ್ಲ ಹೆದರುವುದೇ?” ಎನ್ನುವ ಸ್ನೇಹಿತ, “ಸಂಜೆಗೆ ಬಂದೇ ಬರುತ್ತೇವೆಂದು ಹೇಳಿಬಿಟ್ಟಿದ್ದೇನೆ” ಎನ್ನುವ ಪ್ರಯಾಣಿಕ, ಇವರ್ಯಾರ ಹೆಸರೂ ವರದಿಯಲ್ಲಿ ಬರುವುದಿಲ್ಲ. ಹಿಡಿಕೆಯ ಮೇಲೆ ಅವರ ಕೈಗಳೂ ಇದ್ದವು. ಆ ಬಳಿಕ ಅಮೆರಿಕದಲ್ಲಿ ಮಕ್ಕಳಿಂದ ಇಂತಹ ದಾಖಲೆಯ ಹಾರಾಟ ಮಾಡಿಸುವುದನ್ನು ಕಾನೂನು ತಡೆಯಿತು.

ನಮ್ಮ ದೇಶದಲ್ಲಿಯೂ ಇಂತಹ ದುರಂತಗಳು ಆಗಿಲ್ಲವೆಂದಲ್ಲ. 1980ರ ಜೂನ್ 23ರಂದು ದೆಹಲಿಯ ಸಫ್ದರ್‌ಜಂಗ್ ನಿಲ್ದಾಣದ ಬಳಿ ಸಂಜಯ ಗಾಂಧಿಯವರೂ ಕ್ಯಾಪ್ಟನ್ ಸುಭಾಷ್ ಸಕ್ಸೇನರೂ ಪಿಟ್ಸ್ ಎಂಬ ಚಿಕ್ಕ ಕಸರತ್ತಿನ ವಿಮಾನದಲ್ಲಿ ಲಾಗ ಹಾಕುತ್ತಿದ್ದಾಗ, ಅದು ಹತೋಟಿ ತಪ್ಪಿ ಬಿದ್ದು, ಇಬ್ಬರೂ ಮಡಿದರು. ಕಸರತ್ತಿಗೆಂದೇ ಕಟ್ಟಿದ ವಿಮಾನ ಅದು. ಆದರೆ ಎತ್ತರವೆಂಬುದು ಚಾಲಕನ ಉಳಿತಾಯದ ಹಣ. ಮೇಲೆ ತಪ್ಪಿದರೆ ತಿದ್ದಿಕೊಳ್ಳಲು ಅಡಿಗಳೂ ಸೆಕೆಂಡುಗಳೂ ಇರುತ್ತವೆ. ನೆಲದ ಹತ್ತಿರ ತಪ್ಪಿದರೆ ಎಷ್ಟು ಕೌಶಲವಿದ್ದರೂ ಅದನ್ನು ಬಳಸಲು ಎಡೆಯಿಲ್ಲ.

ಇಂತಹ ಸುದ್ದಿಗಳನ್ನು ಓದಿದಾಗ ನಮ್ಮಲ್ಲಿ ಹಲವರು “ವಿಧಿಯಾಟ” ಎಂದು ನಿಟ್ಟುಸಿರು ಬಿಡುತ್ತಾರೆ. ಸತ್ತವರ ಮನೆಯವರಿಗೆ ಸಮಾಧಾನ ಹೇಳುವಾಗ ಆ ಮಾತು ಇರಲಿ. ಬೇರೆಡೆ ಅದು ಬೇಡ. ಟ್ಯಾಂಕಿನಲ್ಲಿ ಎಷ್ಟು ಇಂಧನವಿದೆಯೆಂದು ನೋಡದೆ ಹೊರಟು ನಡುದಾರಿಯಲ್ಲಿ ಎಂಜಿನು ನಿಂತವರು ಎಷ್ಟೋ ಜನ. ಅದರಲ್ಲಿ ವಿಧಿಯ ಕೈವಾಡವೇನಿದೆ? ಇರುಳು ಕಂಡ ಬಾವಿಯಲ್ಲಿ ಹಗಲು ಬಿದ್ದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಇನ್ನು ಕೆಲವರು, ಖಾಸಗಿ ವಿಮಾನಗಳನ್ನೇ ನಿಲ್ಲಿಸಿಬಿಡಬಾರದೇಕೆ ಎನ್ನುತ್ತಾರೆ. ನಾನು ಇದನ್ನು ಒಪ್ಪಲಾರೆ. ದೊಡ್ಡ ವಿಮಾನಗಳನ್ನು ನಡೆಸುವವರೂ ಚಿಕ್ಕ ವಿಮಾನಗಳಲ್ಲಿಯೇ ಅಕ್ಷರಾಭ್ಯಾಸ ಮಾಡಿದವರು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ವಿಮಾನಚಾಲನಾ ತರಬೇತಿ ಶಾಲೆಯಿದೆ. ಹದಿನಾರು ತುಂಬಿದವರು ನಮ್ಮ ದೇಶದಲ್ಲಿ ವಿದ್ಯಾರ್ಥಿ ಚಾಲಕರಾಗಬಹುದು. ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋಗುವವರಿದ್ದರೆ ಅವರನ್ನು ತಡೆಯುವ ಮನಸ್ಸು ನನಗಿಲ್ಲ.

ತಪ್ಪಿಗೆ ಮದ್ದು ನಿಷೇಧವೂ ಅಲ್ಲ, ಬೈಗುಳವೂ ಅಲ್ಲ ಎಂಬುದನ್ನು ವಿಮಾನದ ಲೋಕವೇ ಒಮ್ಮೆ ತೋರಿಸಿಕೊಟ್ಟಿದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಡೇಟನ್ ಬಳಿ ಬೋಯಿಂಗ್ ಸಂಸ್ಥೆಯ ಹೊಸ ಬಾಂಬರ್ ವಿಮಾನವೊಂದು ಏರುತ್ತಿದ್ದಂತೆಯೇ ಬಿದ್ದು ಉರಿಯಿತು. ನಡೆಸುತ್ತಿದ್ದವರು ಹೊಸಬರಲ್ಲ, ನುರಿತ ಪರೀಕ್ಷಾ ಚಾಲಕರು. ನೆಲದಲ್ಲಿ ನಿಂತಾಗ ಗಾಳಿಗೆ ಬಾಲದ ಭಾಗಗಳು ಹೊಯ್ದಾಡದಂತೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು. ಆಗ ಯಾರೂ “ಇನ್ನು ಮುಂದೆ ಮರೆಯಬೇಡಿರಿ” ಎಂದು ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಮಾಡಬೇಕಾದ ಕೆಲಸಗಳನ್ನೆಲ್ಲ ಕಾಗದದ ಮೇಲೆ ಬರೆದು, ಹೊರಡುವ ಮೊದಲು ಒಂದೊಂದನ್ನೂ ಓದಿ ನೋಡುವ ಪದ್ಧತಿಯನ್ನು ತಂದರು. ಅದೇ ವಿಮಾನದ ಮುಂದಿನ ರೂಪವು ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹಾರಿತು. ಆ ಪಟ್ಟಿ ಇಂದು ಅತಿ ಚಿಕ್ಕ ವಿಮಾನದ ಜೇಬಿನಲ್ಲಿಯೂ ಇರುತ್ತದೆ. ಇಂಧನ, ಬೀಗ, ಬಾಗಿಲು ಎಲ್ಲವೂ ಅದರಲ್ಲುಂಟು. ಆದರೆ “ಈ ಹೊತ್ತು ಹೊರಡಬೇಕೆಂಬುದು ಯಾರ ಒತ್ತಾಯ?” ಎಂಬ ಪ್ರಶ್ನೆಯನ್ನು ಅದರ ಮೊದಲ ಸಾಲಿನಲ್ಲಿ ಅಚ್ಚು ಹಾಕಿಸಬೇಕೆಂಬುದು ನನ್ನ ಆಸೆ.

ಇಲಿನಾಯ್ ವಿಶ್ವವಿದ್ಯಾನಿಲಯದ ಪರೀಕ್ಷೆಯ ಮೊದಲರ್ಧವನ್ನು ಮಾತ್ರ ಮೇಲೆ ಹೇಳಿದೆ. 178 ಸೆಕೆಂಡುಗಳ ಕಥೆಯನ್ನು ವಿಮಾನದ ಬಗೆಗೆ ಬರೆಯುವವರೆಲ್ಲರೂ ಉತ್ಸಾಹದಿಂದ ಹೇಳುತ್ತಾರೆ. ಉಳಿದರ್ಧವನ್ನು ಹೇಳುವವರು ಕಡಿಮೆ. ಆ ಪ್ರಯೋಗದ ಹೆಸರೇ “180 ಡಿಗ್ರಿಯ ತಿರುವು.” ಎಂದರೆ ಬಂದ ದಾರಿಯಲ್ಲೇ ಹಿಂದಿರುಗುವುದು. ಅದೇ ಇಪ್ಪತ್ತು ಜನರಿಗೆ ಅಲ್ಪಕಾಲದ ಪಾಠವೊಂದನ್ನು ಹೇಳಿಕೊಟ್ಟರು: ಕಣ್ಣು ಕಟ್ಟಿದಂತಾದ ಕೂಡಲೇ ಹಿಡಿಕೆಯೊಡನೆ ಸೆಣಸಬೇಡ, ಕೈ ಬಿಡು, ಚಕ್ರಗಳನ್ನು ಇಳಿಸಿ ವೇಗ ತಗ್ಗಿಸು, ತಿರುವು ತೋರುವ ಮುಳ್ಳನ್ನೇ ನೋಡುತ್ತ ಮೆಲ್ಲಗೆ ಹಿಂದಕ್ಕೆ ಹೊರಳು. ಪಾಠ ಮುಗಿದ ಮೇಲೆ ಮತ್ತೆ ಮರೆಮಾಡಿ ನೋಡಿದಾಗ ಅವರಲ್ಲಿ ಬಹುತೇಕ ಎಲ್ಲರೂ ಸುಖವಾಗಿ ಹಿಂದಿರುಗುವ ದಾರಿ ಹಿಡಿದರು. ಇಂದು ಅಮೆರಿಕದಲ್ಲಿ ಖಾಸಗಿ ಪರವಾನಗಿ ಬೇಕಾದವನು ಕನಿಷ್ಠ 40 ಗಂಟೆ ಹಾರಿರಬೇಕು. ಅದರಲ್ಲಿ ಉಪಕರಣಗಳನ್ನೇ ನೋಡಿ ಹಾರುವ ಅಭ್ಯಾಸಕ್ಕೆ ಮೀಸಲಾದುದು ಮೂರು ಗಂಟೆ. ಏರಲು, ಇಳಿಯಲು, ದಾರಿ ಹಿಡಿಯಲು ಮೂವತ್ತೇಳು. ಕಣ್ಣು ಕಾಣದಾದಾಗ ಬದುಕಿ ಬರಲು ಮೂರು. ಈ ಲೆಕ್ಕ ಸಾಲದೆಂದು ನನಗೆ ತೋರುತ್ತದೆ.